ಮಗಳಿಗೆ ಕಲಿಸದ ಜಮಖಾನ

ಗುರುಗ್ರಾಮದ ನಮ್ಮ ಫ್ಲಾಟಿಗೆ ಬಂದ ಇಂಟೀರಿಯರ್ ಡಿಸೈನರ್ ಹುಡುಗಿ ಹಾಲಿನ ನಡುವೆ ಮಂಡಿಯೂರಿ ಕೂತು, ನನ್ನ ಜಮಖಾನದ ಮೇಲೆ ಕೈಯಾಡಿಸಿ, "ಮ್ಯಾಮ್, ಇದು ವಿಂಟೇಜ್" ಎಂದಾಗ ನನಗೆ ನಗುವೂ ಬಂತು, ಮೈಯೂ ಉರಿಯಿತು. ಹದಿನಾರು ವರ್ಷದ ಹಿಂದೆ ಮದುವೆಯಾಗಿ ದಿಲ್ಲಿಗೆ ಬಂದ ಹೊಸದರಲ್ಲಿ, ಇದನ್ನೇ ನೋಡಿದ ಪಕ್ಕದ ಮನೆಯಾಕೆ ಶಾಮಿಯಾನದವರ ನೆಲಹಾಸು ಇನ್ನೂ ವಾಪಸ್ ಕೊಟ್ಟಿಲ್ಲವಾ ಎಂದು ಕೇಳಿದ್ದಳು. ಗಂಡನೂ ಒಮ್ಮೆ, ಕೆನೆಬಣ್ಣದ ಮೆಷಿನ್ ಕಾರ್ಪೆಟ್ ತರೋಣ, ಇದನ್ನು ಮಂಚದ ಕೆಳಗೆ ಇಡೋಣ ಎಂದ. ತಂದರೆ ಅದರ ಮೇಲೆ ನೀನೇ ಮಲಗು ಎಂದಿದ್ದೆ. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಗ್ಯಾಸ್ ಒಲೆಗಿಂತ ಮೊದಲು ಇದನ್ನೇ ಹಾಸಿದೆ. ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

ಕೆಂಪು, ಹಳದಿ, ಕಪ್ಪು ಹತ್ತಿ ನೂಲಿನ ಜಮಖಾನ ಅದು. ನಡುವೆ ಪಗಡೆಯ ಹಾಸು, ನಾಲ್ಕು ಮೂಲೆಗೆ ನಾಲ್ಕು ನವಿಲು. ನನ್ನ ಮದುವೆಗೆಂದು ಅಮ್ಮ ನೇಯ್ದದ್ದು. ಈ ಮಾಸಿದ ಕೆಂಪಿಗಾಗಿ ಅಂಗಡಿಯವರು ಹೊಸ ಕಾರ್ಪೆಟ್ಟುಗಳನ್ನು ಕೆಮಿಕಲ್ಲಿನಲ್ಲಿ ತೊಳೆಯುತ್ತಾರೆ, ಆದರೂ ಇಂಥ ಬಣ್ಣ ಬರುವುದಿಲ್ಲ ಎಂದು ಆ ಹುಡುಗಿ ಹೇಳಿದಳು. ಹದಿನಾರು ವರ್ಷ ನಾಲ್ಕು ಜನ ತುಳಿದರೆ ಬರುತ್ತದಮ್ಮ ಎಂದೆ. ಅವಳು ಅದನ್ನೂ ಫೋನಿನಲ್ಲಿ ಬರೆದುಕೊಂಡಳು.

ಅದಾದ ವಾರಕ್ಕೆ ಅನಾಹುತವಾಯಿತು. ನೆಲ ಗುಡಿಸಲು ಗಂಡ ಒಂದು ದುಂಡನೆಯ ಯಂತ್ರ ತಂದಿದ್ದ, ತಾನೇ ಮನೆಯೆಲ್ಲ ಓಡಾಡುವಂಥದ್ದು. ನಾವಿಬ್ಬರೂ ಆಫೀಸಿನಲ್ಲಿದ್ದಾಗ ಅದು ಜಮಖಾನದ ಕುಚ್ಚನ್ನು ಬಾಯಿಗೆ ಹಾಕಿಕೊಂಡು ಎಳೆದಾಡಿದೆ. ಸಂಜೆ ಬಂದು ನೋಡಿದರೆ ಒಂದು ಮೂಲೆ ಎರಡು ಗೇಣು ಬಿಚ್ಚಿಹೋಗಿ, ನವಿಲಿನ ಕಾಲು ಬಾಲ ಎಲ್ಲ ನೂಲಿನ ಗೊಂಚಲಾಗಿ ಯಂತ್ರದ ಹೊಟ್ಟೆಯಲ್ಲಿತ್ತು. ನಾನು ಚಪ್ಪಲಿಯನ್ನೂ ಬಿಡದೆ ನೆಲದ ಮೇಲೆ ಕೂತು ಅತ್ತೆ. ಗಂಡ ಕಕ್ಕಾಬಿಕ್ಕಿಯಾಗಿ ನೀರಿನ ಲೋಟ ಹಿಡಿದು ನಿಂತಿದ್ದ.

ಶನಿವಾರ ಅದನ್ನು ಸುತ್ತಿಕೊಂಡು ಹೌಜ್ ಖಾಸ್‌ಗೆ ಹೋದೆ. ಡಿಸೈನರ್ ಹೇಳಿದ್ದ ಹಳೆಯ ಕಾರ್ಪೆಟ್ಟುಗಳ ಅಂಗಡಿ. ಬಿಳಿ ಗಡ್ಡದ ಅಂಗಡಿಯವರು ಜಮಖಾನದ ಮೇಲ್ಮೈ ನೋಡಲೇ ಇಲ್ಲ. ಮಗುಚಿ ಹಾಕಿ, ಕನ್ನಡಕ ಹಣೆಗೇರಿಸಿ, ಹಿಂಬದಿಯ ಮೇಲೆ ಬೆರಳು ಓಡಿಸಿದರು. ಹಿಂದೆಯೂ ಮುಂದಿನಷ್ಟೇ ಚೊಕ್ಕ ಇದೆ, ಒಳ್ಳೆಯ ಕೈ ಎಂದು ಹಿಂದಿಯಲ್ಲಿ ಹೊಗಳಿದರು. ಆಮೇಲೆ, ಈ ರೀತಿಯ ನೇಯ್ಗೆ ತಮ್ಮ ರಿಪೇರಿಯವರಿಗೆ ಬರುವುದಿಲ್ಲ, ಹರಿದ ಕಡೆ ಕತ್ತರಿಸಿ ಅಂಚು ಹೊಲಿಸುತ್ತೇನೆ, ಉಳಿದ ನವಿಲುಗಳಿಂದ ಎರಡು ದಿಂಬಿನ ಕವರ್ ಮಾಡಬಹುದು ಎಂದರು.

"ಕತ್ತರಿ ಮುಟ್ಟಿಸಬೇಡಿ ಭಯ್ಯಾ. ಇದು ನಮ್ಮಮ್ಮ ನೇಯ್ದದ್ದು."

"ಅಚ್ಛಾ? ಮತ್ತೆ ನನ್ನ ಹತ್ತಿರ ಯಾಕೆ ತಂದಿರಿ ಬೇಟಿ? ನೀವೇ ಕೂತು ಸರಿಮಾಡಿ."

ಅವರು ಚುಚ್ಚಲು ಹೇಳಿದ್ದಲ್ಲ. ಆದರೂ ಚುಚ್ಚಿತು. "ನನಗೆ ಕಲಿಸಿಲ್ಲ" ಎಂದೆ. ನೇಕಾರರ ಮನೆಯ ಮಗಳು, ನಲವತ್ತರ ಹೆಂಗಸು, ದಿಲ್ಲಿಯ ಅಂಗಡಿಯಲ್ಲಿ ನಿಂತು ಹಾಗೆ ಹೇಳಬೇಕಾಯಿತು. ಜಮಖಾನ ಮತ್ತೆ ಸುತ್ತಿಕೊಂಡು ಮೆಟ್ರೋ ಹತ್ತಿದೆ.

ಧಾರವಾಡ ಸೀಮೆಯ ನಮ್ಮ ಊರಿನಲ್ಲಿ ಜಮಖಾನ ನೇಯುವವರು ಹೆಂಗಸರೇ. ಆದರೆ ಆ ವಿದ್ಯೆ ಅತ್ತೆಯಿಂದ ಸೊಸೆಗೆ ಹೋಗುತ್ತದೆ, ತಾಯಿಯಿಂದ ಮಗಳಿಗಲ್ಲ. ಮಗಳು ಮದುವೆಯಾಗಿ ಹೋಗುವವಳು, ವಿದ್ಯೆಯನ್ನೂ ಬೇರೆ ಮನೆಗೆ ಹೊತ್ತುಕೊಂಡು ಹೋಗುತ್ತಾಳೆ ಎಂಬ ಕಟ್ಟುಪಾಡು. ನನಗೆ ನೂಲು ಸುತ್ತಲು ಬಿಡುತ್ತಿದ್ದರು, ಬಣ್ಣದ ನೀರು ಕಾಯಿಸಲು ಬಿಡುತ್ತಿದ್ದರು. ಚಿತ್ತಾರ ಶುರುವಾಯಿತೆಂದರೆ ಚಹಾ ಮಾಡು ಹೋಗು ಎಂದು ಎಬ್ಬಿಸುತ್ತಿದ್ದರು. ಹನ್ನೆರಡು ವರ್ಷದವಳಿದ್ದಾಗ ಒಮ್ಮೆ ಬಾಗಿಲ ಸಂದಿಯಿಂದ ಇಣುಕಿದೆ. ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ತನ್ನ ಓಢಣಿಯನ್ನು ಮಗ್ಗದ ಮೇಲೆ ಹೊದಿಸಿದಳು. ಹೊಡೆದಿದ್ದರೆ ಮರೆತುಬಿಡುತ್ತಿದ್ದೆ. ಅಣ್ಣನ ಮದುವೆಯಾಗಿ ಭಾಬಿ ಬಂದಳು, ನೂಲು ಮುಟ್ಟಿಯೇ ಗೊತ್ತಿಲ್ಲದವಳು, ಎರಡು ವರ್ಷದಲ್ಲಿ ನವಿಲು ನೇಯ್ದಳು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆ ಕಿಚ್ಚಿನಲ್ಲೇ ಓದಿದೆ, ಕೆಲಸ ಹಿಡಿದೆ, ಇಲ್ಲಿಗೆ ಬಂದೆ.

ಮರುದಿನ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡನ್ನೂ ಕಲಸಿಯೇ ಆಡುತ್ತೇವೆ. ಜಗಳಕ್ಕೆ ಮಾತ್ರ ಕನ್ನಡವೇ ಬೇಕು.

"ಪಾರ್ಸಲ್ ಮಾಡು. ನಿನ್ನ ಭಾಬಿ ಸರಿ ಮಾಡ್ತಾಳ" ಎಂದಳು ಅಮ್ಮ.

"ಬ್ಯಾಡ. ನೀ ಹೇಳಿಕೊಡು, ನಾನ ಮಾಡ್ತೀನಿ."

"ಅದು ಆಗೂದಿಲ್ಲ. ನಿನಗ ಗೊತ್ತೈತಿ."

"ಭುಜ ನೋವಂತ ನೀ ಮಗ್ಗ ಬಿಟ್ಟಿ. ಭಾಬಿಗೆ ಕಣ್ಣು ಮಂಜಾಗೈತಿ. ಆಮ್ಯಾಲೆ ಯಾರು ನೇಯ್ತಾರ?"

"ಮೊಮ್ಮಕ್ಕಳ ಹೆಂಡರು ಬರ್ತಾರಲ್ಲ."

"ಅವರು ಮಗ್ಗದ ಮುಂದ ಕೂಡದಿದ್ರ?"

ಅಮ್ಮ ಫೋನ್ ಇಟ್ಟಳು. ಅಣ್ಣನ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಇನ್ನೊಬ್ಬ ಇನ್ನೂ ಓದುತ್ತಿದ್ದಾನೆ. ಇನ್ನೂ ಗೊತ್ತೇ ಆಗದ ಇಬ್ಬರು ಹುಡುಗಿಯರಿಗಾಗಿ ಅಮ್ಮ ವಿದ್ಯೆಯನ್ನು ಬೀಗ ಹಾಕಿ ಇಟ್ಟಿದ್ದಳು. ಹೊಟ್ಟೆಯಲ್ಲಿ ಹುಟ್ಟಿದವಳು ಕಣ್ಣೆದುರಿಗೇ ಇದ್ದೇನೆ, ನನಗೆ ಕೊಡಲೊಲ್ಲಳು. ಪಾರ್ಸಲ್ ಕಳಿಸಿದ್ದರೆ ಜಮಖಾನ ಸರಿಹೋಗುತ್ತಿತ್ತು, ನಾನು ಮಾತ್ರ ಬಾಗಿಲ ಸಂದಿಯಲ್ಲೇ ಉಳಿಯುತ್ತಿದ್ದೆ. ಈ ಸಲ ಕಲಿಯದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಜಮಖಾನವನ್ನು ಊಟದ ಟೇಬಲ್ಲಿನ ಮೇಲೆ ಮಗುಚಿ ಹಾಕಿದೆ. ಹರಿದ ಕಡೆಯಿಂದ ಇನ್ನೂ ನಾಲ್ಕು ಬೆರಳು ನಾನೇ ಬಿಚ್ಚಿದೆ, ಅಮ್ಮನ ಬೆರಳು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡೋಣ ಎಂದು. ಒಂದೇ ಬಣ್ಣ ಇರುವಲ್ಲಿ ತಿಳಿಯಿತು. ಕೆಂಪು ಮುಗಿದು ಹಳದಿ ಶುರುವಾಗುವ ಕಡೆ ತಿಳಿಯಲಿಲ್ಲ, ನಾನು ಮಾಡಿದಲ್ಲೆಲ್ಲ ಎರಡರ ನಡುವೆ ಕಿಂಡಿ ಬಿಡುತ್ತಿತ್ತು. ನಾಲ್ಕು ಭಾನುವಾರ ಅದರಲ್ಲೇ ಹೋಯಿತು. ಊಟಕ್ಕೆ ಸೋಫಾ ಮೇಲೆ ಕೂತ ಗಂಡ, ಆ ಯಂತ್ರವೇ ನಿನಗಿಂತ ಬೇಗ ಬಿಚ್ಚಿತ್ತು ಎಂದು ಕಿಚಾಯಿಸಿದ. ಸೂಜಿ ತೋರಿಸಿದೆ, ತಟ್ಟೆ ಎತ್ತಿಕೊಂಡು ಎದ್ದುಹೋದ.

ಕೊನೆಗೆ ನಾಚಿಕೆ ಬಿಟ್ಟು ಭಾಬಿಗೆ ವಿಡಿಯೋ ಕಾಲ್ ಮಾಡಿದೆ. ಮಧ್ಯಾಹ್ನ ಅಮ್ಮ ಮಲಗುವ ಹೊತ್ತು. ಭಾಬಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. "ನಿಮ್ಮಮ್ಮಗ ಗೊತ್ತಾದ್ರ ನನ್ನ ಚರ್ಮ ಸುಲೀತಾಳ" ಎನ್ನುತ್ತಲೇ ಎರಡು ದಾರ ತೆಗೆದುಕೊಂಡು ತೋರಿಸಿದಳು. ಕೆಂಪಿನ ಕುತ್ತಿಗೆಗೆ ಹಳದಿ ಒಂದು ಸುತ್ತು ಹಾಕಿ ವಾಪಸ್ ಬರಬೇಕು, ಅಷ್ಟೇ. ಇಪ್ಪತ್ತೆಂಟು ವರ್ಷ ನನ್ನಿಂದ ಬಚ್ಚಿಟ್ಟದ್ದು ಅರ್ಧ ನಿಮಿಷದ ಒಂದು ಸುತ್ತು. ಟೇಬಲ್ಲಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಕೂತೆ, ಆಮೇಲೆ ಕೆಲಸ ಶುರುಮಾಡಿದೆ.

ಚಾಂದನಿ ಚೌಕ್‌ನಲ್ಲಿ ಹುಡುಕಿ ತಂದ ಕೆಂಪು ನೂಲು ಹಳೆಯದಕ್ಕೆ ಹೊಂದಲಿಲ್ಲ. ಎಳೆಗಳನ್ನು ಒತ್ತಿ ಕೂರಿಸಲು ಊರಿನಲ್ಲಿ ಕಬ್ಬಿಣದ ಹಲ್ಲುಗಳ ಪಂಜ ಇರುತ್ತದೆ, ನನ್ನ ಬಳಿ ಊಟದ ಫೋರ್ಕ್ ಇತ್ತು. ಪ್ರತಿ ಎಳೆಯನ್ನೂ ಕಮಾನಿನ ಹಾಗೆ ಸಡಿಲ ಬಿಡಬೇಕೆಂದು ಭಾಬಿ ಹೇಳಿದ್ದರೂ ಸಿಟ್ಟಿನ ಕೈ, ಬಿಗಿಯಾಗಿ ಎಳೆದೆ, ಅಂಚು ಒಳಗೆ ಸರಿಯಿತು. ನವಿಲು ಬಾತುಕೋಳಿಯಂತಾಯಿತು. ಫೋಟೋ ತೆಗೆಯಲು ಬಂದ ಡಿಸೈನರ್, ಆ ಮೂಲೆಯನ್ನು ಸೋಫಾದ ಕೆಳಗೆ ತಳ್ಳೋಣವಾ ಮ್ಯಾಮ್ ಎಂದಳು. ಸೋಫಾವನ್ನೇ ಹಿಂದಕ್ಕೆ ತಳ್ಳಿಸಿ, ಆ ಮೂಲೆಯನ್ನು ಬಾಗಿಲಿಗೆ ಎದುರಾಗಿ ಹಾಸಿದೆ. ಬಂದವರು ಮೊದಲು ಅದನ್ನೇ ನೋಡಲಿ.

ಮುಂದಿನ ಭಾನುವಾರ ಭಾಬಿಗೆ ಅದನ್ನು ವಿಡಿಯೋದಲ್ಲಿ ತೋರಿಸುತ್ತಿದ್ದೆ. ಅವಳು ತಟ್ಟನೆ ಎದ್ದು, ಪಡಸಾಲೆಗೆ ನಡೆದು, ಫೋನನ್ನು ಅಮ್ಮನ ಮುಖದ ಮುಂದೆ ಹಿಡಿದಳು. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಅಂಚು ಒಳಗ ಹೋಗೈತಿ."

"ಹೌದು."

"ಕೆಂಪು ಬ್ಯಾರೆ ಐತಿ. ಯಾರು ಕಲಿಸಿದ್ರು?"

"ಬಿಚ್ಚಿ ನೋಡಿ ನಾನ ಕಲಿತೆ" ಎಂದೆ.

"ಸುಳ್ಳು ಹೇಳ್ತಾಳ್ರೀ ಅತ್ತಿ. ನಾ ಕಲಿಸಿದೆ" ಎಂದಳು ಭಾಬಿ.

"ಬಿಚ್ಚು ಅದನ್ನ" ಎಂದಳು ಅಮ್ಮ ನನಗೆ.

"ಬಿಚ್ಚೂದಿಲ್ಲ. ಹಿಂಗ ಇರ್ಲಿ. ನಿನ್ನ ಪಂಜ ಕಳಿಸು, ಮುಂದಿಂದು ಸರಿ ನೇಯ್ತೀನಿ."

"ಕಲಿತು ಯಾರ ಮನಿಗೆ ಒಯ್ತಿ?"

"ನನ್ನ ಮನಿಗೆ" ಎಂದೆ. "ಹೊರಗಿನವಳ ಹಂಗ ನನ್ನ ಬಾಗಿಲಾಚೆ ನಿಲ್ಲಿಸಿದ್ಯಲ್ಲ, ಇದು ನನ್ನ ಮನಿ. ಇಲ್ಲಿ ಯಾರೂ ಮಗ್ಗಕ್ಕ ಓಢಣಿ ಹೊದಿಸೂದಿಲ್ಲ."

ಅಮ್ಮ ಫೋನ್ ಇಡಲಿಲ್ಲ. ನಾನು ನನ್ನ ಫೋನನ್ನು ಸೋಫಾದ ಮೇಲೆ ಆನಿಸಿಟ್ಟು, ಹೊಸ ಕೆಂಪು ದಾರ, ಹಳದಿ ದಾರ ಎತ್ತಿಕೊಂಡು, ಅಮ್ಮ ನೋಡುತ್ತಿದ್ದ ಹಾಗೆಯೇ, ಒಂದರ ಕುತ್ತಿಗೆಗೆ ಇನ್ನೊಂದನ್ನು ಸುತ್ತಿದೆ. ಮತ್ತೂ ಒಮ್ಮೆ ಸುತ್ತಿದೆ.

"ಫೋನ್ ಕೆಳಗ ಇಡು" ಎಂದಳು ಅಮ್ಮ ನನಗೆ. "ನಿನ್ನ ಕೈ ಕಾಣವಲ್ದು."