ಐದನೇ ತರಗತಿಯ ಹಾಜರಿ

ನನ್ನನ್ನು ಗುಂಡ್ಲುಪೇಟೆಯ ಕಾನ್ವೆಂಟಿಗೆ ಸೇರಿಸಿದ್ದು ನನ್ನ ಓದಿಗಲ್ಲ, ಅಪ್ಪನ ಮೀಸೆಗೆ. ಅಪ್ಪ ಚಾಮರಾಜನಗರದ ಹತ್ತಿರದ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗಿದ್ದ. ಸಲಾಂ ಹೊಡೆದು ಒಳಗೆ ಬಿಡುವ ಕಾರುಗಳ ಹಿಂದಿನ ಸೀಟಿನಲ್ಲಿ ಟೈ ಕಟ್ಟಿಕೊಂಡ ಮಕ್ಕಳನ್ನು ನೋಡಿ ನೋಡಿ, ತನ್ನ ಮನೆಯಲ್ಲೂ ಒಂದು ಟೈ ಇರಬೇಕೆಂದು ಅವನಿಗೆ ಹಟ ಹುಟ್ಟಿತು. ನಾಲ್ಕನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಚೆನ್ನಾಗಿಯೇ ಓದಿಕೊಂಡಿದ್ದ ನನ್ನನ್ನು ಐದಕ್ಕೆ ಹಳದಿ ವ್ಯಾನಿಗೆ ತುಂಬಿದರು. ಟಿ.ಸಿ. ತನ್ನಿ ಎಂದು ಯಾರೂ ಕೇಳಲಿಲ್ಲ. ಕಾನ್ವೆಂಟಿನವರಿಗೆ ಫೀಸು ಸಾಕಿತ್ತು, ಅಪ್ಪನಿಗೆ ಟೈ ಸಾಕಿತ್ತು.

ಆ ಕಾನ್ವೆಂಟಿನಲ್ಲಿ ಉತ್ತರ ಗೊತ್ತಿದ್ದೂ ಇಂಗ್ಲಿಷಿನಲ್ಲಿ ಹೇಳಲು ಬಾರದವರು ದಡ್ಡರು, ಏನೂ ಗೊತ್ತಿಲ್ಲದೆ ‘ಎಸ್ ಮಿಸ್’ ಎನ್ನುವವರು ಜಾಣರು. ನಾನು ಮೊದಲನೆಯ ಗುಂಪಿಗೆ ಸೇರಿದವಳು. ವರ್ಷದ ಕೊನೆಗೆ ಡ್ರಾಯಿಂಗ್ ಒಂದನ್ನು ಬಿಟ್ಟು ಎಲ್ಲದರ ಕೆಳಗೂ ಕೆಂಪು ಗೆರೆ ಎಳೆಸಿಕೊಂಡು ಮನೆಗೆ ಬಂದೆ. ಅಪ್ಪ ಟೈಯನ್ನು ಮಡಿಸಿ ಟ್ರಂಕಿನಲ್ಲಿಟ್ಟ. ಜೂನ್‌ನಲ್ಲಿ ನಾನು ಮತ್ತೆ ಊರಿನ ಶಾಲೆಗೆ ಹೋಗಿ ಆರನೇ ತರಗತಿಯಲ್ಲಿ ಕೂತೆ. ಐದು ಫೇಲಾದವಳು ಆರರಲ್ಲಿ ಹೇಗೆ ಕೂತಳು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಶಾಲೆಯ ಹೆಡ್‌ಮೇಷ್ಟರ ಮೇಲೆ ನನಗೆ ಚಿಕ್ಕಂದಿನಿಂದಲೂ ತಾತ್ಸಾರ. ಬೆಳಿಗ್ಗೆ ಹಾಜರಿ ಕರೆಯುವಾಗ ಬಾರದ ಮಕ್ಕಳ ಹೆಸರು ಬಂದರೆ ತಾವೇ ‘ಬಂದವ್ನೆ’ ಎಂದು ಗೊಣಗಿ ಗುರುತು ಹಾಕಿಬಿಡುತ್ತಿದ್ದರು. ಕಾನ್ವೆಂಟ್ ವ್ಯಾನು ಹತ್ತಿದ ಮಕ್ಕಳು, ಅಜ್ಜಿ ಮನೆಗೆಂದು ಪುಣಜನೂರಿಗೆ ಹೋಗಿ ಅಲ್ಲೇ ಉಳಿದ ಮಕ್ಕಳು, ಎಲ್ಲರೂ ನಮ್ಮ ಶಾಲೆಗೆ ದಿನವೂ ತಪ್ಪದೆ ಬರುತ್ತಿದ್ದರು. ಇದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಯಾರಿಗೂ ಇದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಅದೇ ಶಾಲೆಯಲ್ಲಿ ಅವ್ವ ಬಿಸಿಯೂಟದ ಎರಡನೇ ಅಡುಗೆಯವಳು. ಬೇಳೆ ಬೇಯಿಸಿ, ಅನ್ನ ಬಸಿದು, ಎಲ್ಲರ ತಟ್ಟೆಗೂ ಬಡಿಸಿ, ಪಾತ್ರೆ ತೊಳೆದು ಮನೆಗೆ ಬರುತ್ತಿದ್ದಳು.

ಒಂದು ದಿನ ಸಾಂಬಾರಿನ ಕೊಳಗ ಇಳಿಸುವಾಗ ಅವಳ ಬಲಗೈ ಸುಟ್ಟಿತು. ಆಗ ನಾನು ಎಂಟನೇ ತರಗತಿ. ಗುಂಡ್ಲುಪೇಟೆಯ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಫೋನಿನಿಂದ ಕಣ್ಣು ತೆಗೆಯದೆ ಏನಾಯಿತೆಂದು ಕೇಳಿ, ಮುಲಾಮು ಬರೆದು ಚೀಟಿಯನ್ನು ಮೇಜಿನ ಮೇಲೆ ತಳ್ಳಿದರು. ಸೆರಗು ಸರಿಸಿ ತೋರಿಸಲು ಅವ್ವ ಕೈ ಮುಂದೆ ಚಾಚಿದ್ದಳು. ಅದು ಹಾಗೇ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತ್ತು. ಆಮೇಲೆ ತಾನೇ ಮುಚ್ಚಿಕೊಂಡಳು. ನಾನು ಡಾಕ್ಟರಾಗಬೇಕೆಂದು ತೀರ್ಮಾನಿಸಿದ್ದು ಅವತ್ತು. ಬಡವರ ಸೇವೆ ಅದೂ ಇದೂ ಎಂದು ಸನ್ಮಾನದ ಭಾಷಣಗಳಲ್ಲಿ ಹೇಳುತ್ತಾರಲ್ಲ, ಅದೆಲ್ಲ ಸುಳ್ಳು. ಆ ಮನುಷ್ಯನ ಕುರ್ಚಿಯಲ್ಲಿ ಕೂತು, ನೋಡು, ಕೈಯನ್ನು ಹೀಗೆ ನೋಡಬೇಕು ಎಂದು ತೋರಿಸಬೇಕಿತ್ತು, ಅಷ್ಟೇ.

ಇಷ್ಟು ಹಟವಿದ್ದವಳು ದ್ವಿತೀಯ ಪಿಯುಸಿಯಲ್ಲಿ ಫೇಲಾದೆ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡರಲ್ಲೂ. ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರು ಅರ್ಧ ಪಾಠವನ್ನು ತರಗತಿಯಲ್ಲೂ ಉಳಿದರ್ಧವನ್ನು ತಮ್ಮ ಮನೆಯ ಟ್ಯೂಷನ್ನಿನಲ್ಲೂ ಮಾಡುತ್ತಿದ್ದರು. ನಾನು ತರಗತಿಯ ಅರ್ಧಕ್ಕೆ ಸೇರಿದವಳು. ಫಲಿತಾಂಶದ ದಿನ ಅವರು ಎಲ್ಲರೆದುರು ನಗುತ್ತಾ, ಚೆಂಡು ಹೂವಿನ ಸೀಸನ್ನು ಶುರುವಾಗಿದೆ, ಕೀಳುವವರು ಸಿಗುತ್ತಿಲ್ಲವಂತೆ, ಹೋಗಮ್ಮ ಎಂದರು. ಸುತ್ತ ನಿಂತಿದ್ದವರೂ ನಕ್ಕರು. ಮಾರನೆಯ ವಾರ ನಾನು ಹೋದೆ. ಅವರು ಹೇಳಿದ್ದಕ್ಕಲ್ಲ, ಮನೆಯಲ್ಲಿ ಸುಮ್ಮನೆ ಕೂತರೆ ದೊಡ್ಡಮ್ಮಂದಿರು ಗಂಡು ನೋಡುತ್ತಾರೆಂಬ ಭಯಕ್ಕೆ.

ಗೋಪಾಲಸ್ವಾಮಿ ಬೆಟ್ಟದ ದಾರಿಯ ಹೊಲಗಳಲ್ಲಿ ಹೂ ಕೀಳುವ ಕೆಲಸ. ಬೆರಳೆಲ್ಲ ಕಪ್ಪಗೆ ಅಂಟಾಗಿ, ಊಟಕ್ಕೆ ಕೂತರೆ ಮುದ್ದೆಯೂ ಹೂವಿನ ಒಗರು ನಾರುತ್ತಿತ್ತು. ಕೇರಳದಿಂದ ಕಾರುಗಳಲ್ಲಿ ಬರುವವರು ಹೊಲಕ್ಕೆ ನುಗ್ಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಕ್ಕಾ ಎನ್ನುವುದಕ್ಕೆ ‘ಚೇಚಿ, ಚೇಚಿ’ ಎಂದು ಕೈ ಬೀಸಿ ನಮ್ಮನ್ನು ಪಕ್ಕಕ್ಕೆ ಸರಿಸುವರು. ಹೂವು ಅವರಿಗೆ ಚೆಂದ, ಕೀಳುವವರು ಅಡ್ಡ. ಕಾರು ಹೊರಟ ಮೇಲೆ ತುಳಿಸಿಕೊಂಡ ಗಿಡ ಎತ್ತಿ ನಿಲ್ಲಿಸುತ್ತಾ, ರಸಾಯನಶಾಸ್ತ್ರದ ಸೂತ್ರಗಳನ್ನು ಅವರಿಗೆ ಬೈಯುವ ಧಾಟಿಯಲ್ಲೇ ಬಾಯಿಪಾಠ ಮಾಡಿದೆ. ಮರುಪರೀಕ್ಷೆಯಲ್ಲಿ ಪಾಸಾದೆ. ಬಹುಶಃ ಸಿಟ್ಟಿನಲ್ಲಿ ಕಲಿತದ್ದು ಮರೆಯುವುದಿಲ್ಲ.

ನೀಟ್ ಮೊದಲ ಸಲ ಬರೆದಾಗ ಏನೂ ದಕ್ಕಲಿಲ್ಲ. ಎರಡನೇ ಸಲ, ಫೋನಿನಲ್ಲಿ ಪುಕ್ಕಟೆ ಪಾಠ ಕೇಳಿ, ಸಿಗ್ನಲ್ಲಿಗಾಗಿ ಕೆರೆ ಏರಿಯ ಮೇಲೆ ಕೂತು ಓದಿ, ಅಂಚಿನ ರ‍್ಯಾಂಕು ತೆಗೆದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ ಎಂದಿದೆ. ಅದು ಸಿಕ್ಕರೆ ಆ ರ‍್ಯಾಂಕಿಗೆ ಸರ್ಕಾರಿ ಸೀಟು ಗ್ಯಾರಂಟಿ, ಸಿಗದಿದ್ದರೆ ಇಲ್ಲ. ನನ್ನ ಹತ್ತು ವರ್ಷದಲ್ಲಿ ಒಂಬತ್ತು ಹಳ್ಳಿಯವು. ಒಂದು ವರ್ಷ ಅಪ್ಪನ ಟೈ ನುಂಗಿತ್ತು. ಇದು ತಿಳಿದ ದಿನ ಅಪ್ಪನನ್ನು ನಾನು ಬೈದ ರೀತಿ ಬರೆಯುವ ಹಾಗಿಲ್ಲ. ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡು, ಕೊನೆಗೆ ಮೇಷ್ಟರನ್ನು ಒಂದು ಮಾತು ನೋಡಿ ಬರಲು ಹೇಳಿದ.

ಮೇಷ್ಟರು ನಾನು ಕೇಳುವ ಮುಂಚೆಯೇ ಸರ್ಟಿಫಿಕೇಟು ಬರೆದಿಟ್ಟಿದ್ದರು. ಒಂದರಿಂದ ಏಳು, ಪೂರ್ತಿ ನಮ್ಮೂರ ಶಾಲೆ, ಆಯಾ ವರ್ಷದ ದರ್ಜೆಯ ಸಮೇತ. ಎಂಟರಿಂದ ಹತ್ತಕ್ಕೆ ಪಕ್ಕದ ಊರಿನ ಹೈಸ್ಕೂಲಿನದು ಆಗಲೇ ನನ್ನ ಕೈಯಲ್ಲಿತ್ತು. ಐದನೇ ತರಗತಿಯ ವರ್ಷ ನಾನು ಇಲ್ಲಿರಲಿಲ್ಲವಲ್ಲ ಎಂದೆ. ಅವರು ಬೀರುವಿನಿಂದ ಹಳೆಯ ಹಾಜರಿ ಪುಸ್ತಕ ತೆಗೆದು ತೋರಿಸಿದರು. ಒಂದು ದಿನವೂ ತಪ್ಪಿಸದೆ ಬಂದಿದ್ದೆ. ಪರೀಕ್ಷೆಯಲ್ಲಿ ಪ್ರಥಮ ದರ್ಜೆ. ಗುಂಡ್ಲುಪೇಟೆಯಲ್ಲಿ ನಾನು ಬೆಂಚಿನ ಮೇಲೆ ನಿಂತು ಅಳುತ್ತಿದ್ದ ವರ್ಷ ಇಲ್ಲಿ ನನ್ನ ಹೆಸರಿನವಳೊಬ್ಬಳು ತರಗತಿಗೇ ಮೊದಲಾಗಿದ್ದಳು. ಆರರಲ್ಲಿ ನಾನು ಕೂತದ್ದು ಅವಳ ಜಾಗದಲ್ಲಿ.

ಎಷ್ಟು ಜನರ ಹೆಸರು ಹೀಗೆ ಬರೆದಿದ್ದೀರಿ ಎಂದು ಚುಚ್ಚಿದೆ. ಮೇಷ್ಟರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದರು.

“ಮಕ್ಳ ಲೆಕ್ಕ ಒಂದು ಕಮ್ಮಿಯಾದ್ರೂ ಎರಡನೇ ಅಡ್ಗೆಯವ್ಳ ತಗುದ್ಬುಡ್ತಾರ ಕಣಮ್ಮಿ. ಎರಡನೇ ಅಡ್ಗೆಯವ್ಳು ಯಾರು? ನಿಮ್ಮವ್ವ. ನಾನು ಯಾರ್ಗೋಸ್ಕರ ಬರ್ದೆ ಅಂತ ಮನಗೋಗಿ ಕೇಳು.”

ಮನೆಗೆ ಹೋಗಿ ಕೇಳಿದೆ. ಅವ್ವ ರಾಗಿ ಕೇರುತ್ತಿದ್ದಳು, ಮೊರ ನಿಲ್ಲಿಸಲಿಲ್ಲ. ಆ ಸಂಬಳದಿಂದಲೇ ನನ್ನ ಕಾನ್ವೆಂಟಿನ ಫೀಸು ಕಟ್ಟಿದ್ದೆಂದು ಹೇಳಿದಳು. ಆಮೇಲೆ, “ಅವತ್ತು ಪುಸ್ತಕದಲ್ಲಿ ಬರ್ದಿದ್ದ ಆ ಎಸ್ರು ನಿನ್ನ ಓದುಸ್ತು. ಇವತ್ತೂ ಓದುಸ್ಲಿ ಬುಡು. ಯಾರ್ದು ಏನು ಓಯ್ತದ?” ಎಂದಳು.

ನನಗೆ ಕರುಣೆ ಬರಬೇಕಿತ್ತು. ಬರಲಿಲ್ಲ. ಇವರ ಬದುಕೆಲ್ಲ ಇಂಥ ಸಣ್ಣ ಸಣ್ಣ ಸುಳ್ಳುಗಳ ಮೇಲೆ ನಿಂತಿದೆ, ಒಬ್ಬರಿಗೂ ನಾಚಿಕೆಯಿಲ್ಲ ಎನಿಸಿತು. ಆದರೂ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬೆಳಿಗ್ಗೆಯ ಬಸ್ಸು ಹತ್ತಿದೆ. ಗುಂಡ್ಲುಪೇಟೆಯ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಮೇಲುಸಹಿ ಹಾಕಿಸಿದರೆ ಕೆಲಸ ಮುಗಿಯುತ್ತಿತ್ತು. ಸಹಿ ಹಾಕಿಸಬೇಕೆಂದೇ ಹೋಗಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ನಡೆದದ್ದನ್ನು ಕೇಳಿದ ಕೆಲವರು ನನ್ನನ್ನು ಸತ್ಯವಂತೆ ಎಂದಿದ್ದಾರೆ. ಅವರಿಗೆ ತಲೆಯಿಲ್ಲ.

ಗುಮಾಸ್ತ ಕಾಗದ ತಿರುವಿ ನೋಡಿದ. ಜೊತೆಗಿದ್ದ ಅಂಕಪಟ್ಟಿಗಳನ್ನೂ ನೋಡಿದ. ಐದರಲ್ಲಿ ಫಸ್ಟ್ ಕ್ಲಾಸ್ ಬಂದವಳು ಪಿಯುಸಿಯಲ್ಲಿ ಡುಮ್ಕಿ ಹೊಡೆದಿದ್ದಾಳೆ ನೋಡಿ ಎಂದು ಪಕ್ಕದ ಟೇಬಲ್ಲಿನವನಿಗೆ ಹೇಳಿ ನಕ್ಕ. ಓದಿದ್ದೆಲ್ಲ ಐದಕ್ಕೇ ಮುಗಿಯಿತಾ ಎಂದು ನನ್ನನ್ನೂ ಕೇಳಿದ. ಆ ನಗು ನನಗೆ ಗೊತ್ತಿತ್ತು. ಕೆಮಿಸ್ಟ್ರಿ ಲೆಕ್ಚರರದೇ ನಗು.

“ಐದ್ರಲ್ಲಿ ನಾನು ಆ ಶಾಲೇಲೇ ಇರ್ಲಿಲ್ಲ,” ಎಂದೆ. “ಆ ಹಾಜರಿ ಪುಸ್ತಕದಲ್ಲಿ ಅರ್ಧ ಸುಳ್ಳು. ಬೇಕಾದ್ರೆ ಹೋಗಿ ತಲೆ ಎಣಿಸ್ಕೊಳಿ.”

ಒಳಕೋಣೆಯ ಬಾಗಿಲು ತೆರೆದಿತ್ತು, ಅಧಿಕಾರಿ ತಲೆಯೆತ್ತಿ ನೋಡಿದರು. ಗುಮಾಸ್ತನ ಮುಖ ಬಿಳಿಚಿಕೊಂಡಿತು. ಸರ್ಟಿಫಿಕೇಟನ್ನು ಅವನ ಟೇಬಲ್ಲಿನ ಮೇಲೇ ಬಿಟ್ಟು ಹೊರಬಂದೆ. ಮೆಟ್ಟಿಲಿಳಿಯುವಾಗ ಗುಂಡ್ಲುಪೇಟೆಯಲ್ಲಿ ನನ್ನಷ್ಟು ಎತ್ತರದವರು ಯಾರೂ ಇರಲಿಲ್ಲ. ಸೀಟು ಹೋಯಿತೆಂಬುದು ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಹೊಳೆಯಿತು. ಅವ್ವನ ನೆನಪು ಆಗಲೂ ಬರಲಿಲ್ಲ.

ಹದಿನೈದು ದಿನಕ್ಕೆ ಶಾಲೆಗೆ ಜೀಪು ಬಂತು. ತಲೆ ಎಣಿಸಿದರು. ವ್ಯಾನು ಹತ್ತಿ ಹೋದ ಈಗಿನ ಮಕ್ಕಳ ಹೆಸರುಗಳನ್ನೆಲ್ಲ ಹೊಡೆದುಹಾಕಿದರು. ಮೇಷ್ಟರಿಗೆ ನೋಟಿಸು ಬಂತು, ಬೇರೆ ಊರಿಗೆ ವರ್ಗವಾಯಿತು. ಇದ್ದ ಮಕ್ಕಳಿಗೆ ಒಬ್ಬಳೇ ಅಡುಗೆಯವಳು ಸಾಕೆಂದರು. ಅವ್ವ ಅವತ್ತು ಮಧ್ಯಾಹ್ನ ಮಾಮೂಲಿನಂತೆ ಪಾತ್ರೆ ತೊಳೆದು, ಕೊಳಗ ಬೋರಲು ಹಾಕಿ, ಬೀಗದ ಕೈ ಕೊಟ್ಟು ಬಂದಳು.

ಹೇಳಿದ್ದು ನಾನೇ ಎಂದು ಊರಿಗೆಲ್ಲ ಗೊತ್ತಾಗಿತ್ತು. ಬೀದಿಯಲ್ಲಿ ನನ್ನನ್ನು ನೋಡಿ ಉಗಿದವರೂ ಇದ್ದರು. ಅಪ್ಪ ಮಾತು ಬಿಟ್ಟ. ಅವ್ವ ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ನನ್ನ ಮುಂದೆ ತಟ್ಟೆ ಇಟ್ಟು, “ನಿಜ್ವೇ ಏಳ್ದೆ ಬುಡು. ಇನ್ನೊಂದ್ವರ್ಸ ಓದು,” ಎಂದಳು. ಮಾರನೆಯ ದಿನದಿಂದ ಚೆಂಡು ಹೂ ಕೀಳಲು ಹೋದಳು.

ಆ ಒಂದು ವರ್ಷ ನಾನು ಕೆರೆ ಏರಿಯ ಮೇಲೆ ಕೂತು ಓದಿದೆ. ಬೆಟ್ಟದ ಕಡೆಯ ಹೊಲದ ಸಾಲುಗಳಲ್ಲಿ ಅವ್ವ ಬಗ್ಗಿರುವುದು ಅಲ್ಲಿಂದಲೇ ಕಾಣುತ್ತಿತ್ತು. ಯಾವ ಸೀರೆ ಅವಳದು ಎಂದು ದೂರದಿಂದಲೇ ಗುರುತಾಗುತ್ತಿತ್ತು. ಕಾರುಗಳು ನಿಂತಾಗ ಅವಳು ಪಕ್ಕಕ್ಕೆ ಸರಿಯುವುದೂ ಕಾಣುತ್ತಿತ್ತು. ಅಪ್ಪನನ್ನು, ಲೆಕ್ಚರರನ್ನು, ಗುಮಾಸ್ತನನ್ನು, ಫೋಟೋದವರನ್ನು ತೂಗಿ ನೋಡಿ ಎಲ್ಲರನ್ನೂ ಕೀಳೆಂದು ತಳ್ಳಿದವಳು ನಾನು. ಆ ತಕ್ಕಡಿಯಲ್ಲಿ ನನ್ನನ್ನು ಇಟ್ಟು ನೋಡುವ ಧೈರ್ಯ ಆ ವರ್ಷ ಬರಲಿಲ್ಲ. ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಓದಿದೆ.

ಮೂರನೇ ಸಲ ಸಾಮಾನ್ಯ ಸೀಟೇ ಸಿಕ್ಕಿತು, ಗ್ರಾಮೀಣದ ಹಂಗಿಲ್ಲದೆ, ಚಾಮರಾಜನಗರದಲ್ಲೇ. ಸೇರುವ ದಿನ ಅಪ್ಪನಿಗೆ ಡ್ಯೂಟಿ ಎಂದು ಅವ್ವ ಜೊತೆಗೆ ಬಂದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಬೆಳಿಗ್ಗೆ ಎದ್ದು ಹುಣಸೆಹಣ್ಣು ಹಚ್ಚಿ ಉಜ್ಜಿದ್ದರೂ ಬೆರಳ ಸಂದಿಯ ಕಪ್ಪು ಹೋಗಿರಲಿಲ್ಲ. ದಾಖಲೆ ತೋರಿಸುವ ಸಾಲಿನಲ್ಲಿ ಎಲ್ಲ ತಂದೆತಾಯಂದಿರೂ ತಮ್ಮ ತಮ್ಮ ದೊಡ್ಡಸ್ತಿಕೆ ಹರಡಿಕೊಂಡು ನಿಂತಿದ್ದರು. ನಮ್ಮ ಮುಂದಿದ್ದ ಹೆಂಗಸು, ಯಾವುದೋ ಬ್ಯಾಂಕಿನವರು, ತಮ್ಮದೆಲ್ಲ ಹೇಳಿ ಮುಗಿಸಿ ಅವ್ವನ ಕಡೆ ತಿರುಗಿ, ನೀವೇನು ಮಾಡ್ತೀರಿ ಎಂದು ಕೇಳಿದರು.

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ವರ್ಷಗಳ ಹಿಂದೆ ಆ ಡಾಕ್ಟರ ಮುಂದೆ ಮುಚ್ಚಿಕೊಂಡ ಹಾಗೆಯೇ.

“ಇಸ್ಕೂಲಲ್ಲಿ ಅಡ್ಗೆ ಮಾಡ್ತೀನಿ ಕಣವ್ವ,” ಎಂದಳು. “ಗೌರ್ಮೆಂಟ್ ಇಸ್ಕೂಲು.”

ಹೇಳಿ ನನ್ನ ಮುಖ ನೋಡಿದಳು. ನಾನೆಲ್ಲಿ ಬಾಯಿ ತೆರೆದುಬಿಡುತ್ತೇನೋ ಎಂದು ಅವಳಿಗೆ ಹೆದರಿಕೆಯಾಗಿತ್ತು. ಹೆತ್ತ ಮಗಳಿಗೆ ಹೆದರಿದ್ದಳು. ಸೆರಗಿನೊಳಗೆ ಕೈ ಹಾಕಿ ಅವಳ ಬೆರಳು ಹಿಡಿದುಕೊಂಡೆ, ಹೂವಿನ ಅಂಟು ಇನ್ನೂ ಇತ್ತು.

“ಹೌದು, ನಮ್ಮ ಶಾಲೆಯಲ್ಲೇ,” ಎಂದೆ.