ಶಾಹಿದಾಳ ಗಾಡಿಯ ಬಿಸಿನೀರು

ಮೆಲ್ಕಾರಿನ ಶಾಹಿದಾಳಿಗೆ ನಿಧಾನವೆಂದರೆ ಆಗದು. ನಡೆದರೆ ಓಡಿದ ಹಾಗೆ, ಮಾತಾಡಿದರೆ ಪಕ್ಕದ ಮನೆಯವರು ಟಿವಿಯ ಸದ್ದು ಸಣ್ಣ ಮಾಡಿ ಕೇಳುವ ಹಾಗೆ. ವಾಮದಪದವಿನಲ್ಲಿ ಹುಟ್ಟಿ, ಹತ್ತೊಂಬತ್ತು ತುಂಬುವಾಗ ಅಸ್ಕರ್‌ನ ಹೆಂಡತಿಯಾಗಿ ಈ ಮನೆಗೆ ಬಂದವಳು ಮೊದಲು ಕಲಿತದ್ದು ಅಡುಗೆಯಲ್ಲ, ಬಚ್ಚಲಿನ ಹಂಡೆಯ ಉಸ್ತುವಾರಿ. ಅತ್ತೆ ಖದೀಜಮ್ಮನ ಕಾನೂನು ಒಂದೇ: ಕೊನೆಗೆ ಮಿಂದವರು ಹಂಡೆ ತುಂಬಿಸಿಯೇ ಹೊರಗೆ ಬರಬೇಕು. ಯಾರು ಯಾವಾಗ ಬರುತ್ತಾರೋ ಯಾರಿಗೆ ಗೊತ್ತು? ದೂರದಿಂದ ಬಂದವರು ಖಾಲಿ ಹಂಡೆ ನೋಡುವ ಹಾಗಾದರೆ ಆ ಮನೆಯ ಹೆಂಗಸರಿಗೆ ಅದಕ್ಕಿಂತ ದೊಡ್ಡ ಮಾನಗೇಡು ಇಲ್ಲ.

ಹಾಗೆ ದೂರದಿಂದ ಬರುವವನು ಹೆಚ್ಚಾಗಿ ಅಸ್ಕರೇ. ಸೌದಿಯ ದಮಾಮಿನಲ್ಲಿ ಟ್ರೇಲರ್ ಓಡಿಸುತ್ತಿದ್ದ ಅವನು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ. ಬಂದಾಗಲೆಲ್ಲ "ಈ ಸಲ ಎಲ್ಲಿಗಾದರೂ ಹೋಗುವ" ಎನ್ನುತ್ತಿದ್ದ. ಅಷ್ಟರಲ್ಲಿ ಯಾರದೋ ನಿಕಾಹ್, ಯಾರದೋ ಆಪರೇಷನ್, ಮಾಡಿನ ಶೀಟು ಬದಲಿಸುವ ಕೆಲಸ, ರಜೆ ಮುಗಿಯುತ್ತಿತ್ತು. ಮರುಭೂಮಿಯ ರಸ್ತೆಗಳನ್ನೆಲ್ಲ ಅಳೆದವನ ಹೆಂಡತಿ ಪಕ್ಕದ ಮಾಣಿ ಪೇಟೆಯಿಂದ ಆಚೆ ಹೋದದ್ದು ಬಲು ಅಪರೂಪ. ಇದು ಯಾವ ನ್ಯಾಯ? ಶಾಹಿದಾ ಕೇಳುತ್ತಿರಲಿಲ್ಲ, ಹಂಡೆ ತುಂಬಿಸುತ್ತಿದ್ದಳು.

ಹೋದ ವರ್ಷ ಅಸ್ಕರ್ ಕೆಲಸ ಬಿಟ್ಟು ಊರಿಗೆ ಬಂದ. ಬಂದವನೇ ಹಳೆಯದೊಂದು ಶಾಲಾ ವ್ಯಾನು ಕೊಂಡು, ಮೂಡುಬಿದಿರೆಯಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಶಿಶಿರ್ ಎಂಬವನ ಕೈಗೆ ಕೊಟ್ಟ. ಮಳೆ ಹಿಡಿಯುವ ಮೊದಲೇ ಅದು ಕ್ಯಾಂಪರ್ ಗಾಡಿಯಾಗಿ ಮನೆಯಂಗಳಕ್ಕೆ ಬಂತು. ಒಳಗೆ ಮಡಚುವ ಮಂಚ, ಒಲೆ, ಮೀಯಲು ಒಂದು ಮರೆ, ಹಿಂದುಗಡೆ ಪುಟ್ಟ ಟ್ಯಾಂಕಿನ ಬಿಸಿನೀರಿನ ಹೀಟರ್. ಶಾಹಿದಾಳಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಮಂಚ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಹಾಲು ತರುವ ಕಾಂತಿಯನ್ನೂ ಎಳೆದು ಒಳಗೆ ಕೂರಿಸಿ ಚಹಾ ಕುಡಿಸಿದಳು. ಮಳೆ ಬಿಟ್ಟ ಕೂಡಲೇ ಬೆಳ್ತಂಗಡಿಯ ಗಡಾಯಿಕಲ್ಲು ಬೆಟ್ಟದ ಬುಡದಲ್ಲಿ ಮೊದಲ ರಾತ್ರಿ, ಮರುದಿನ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರು, ಅಲ್ಲಿಂದ ಮುಂದೆ ಮನಸ್ಸು ಬಂದ ಕಡೆಗೆ ಎಂದು ಲೆಕ್ಕ ಹಾಕಿದ್ದಾಯಿತು. ಖದೀಜಮ್ಮನೂ ಹೊರಡಲು ಒಪ್ಪಿದರು. ಅವರದ್ದೊಂದೇ ಷರತ್ತು: "ಬಿಸಿನೀರಿಲ್ಲದೆ ನನ್ನ ಮೊಣಕಾಲು ಏಳುವುದಿಲ್ಲ. ಬಿಸಿನೀರು ಉಂಟಾದರೆ ನಾನುಂಟು."

ಮಳೆ ಬಿಡುವಾಗ ದಮಾಮಿನಿಂದ ಅಸ್ಕರ್‌ನ ಹಳೆಯ ದೋಸ್ತಿ ಬಾವಾ ಎಂಬವನ ಫೋನು ಬಂತು. ಒಳ್ಳೆಯ ವೀಸಾ ಉಂಟು, ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಫೋನು ಮಾಡುತ್ತೇನೆ, ಆಗ ಒಂದು ಮಾತು ಹೇಳು ಎಂದ. ಮಳೆಗಾಲವಿಡೀ ಕೈಕಟ್ಟಿ ಕೂತ ಅಸ್ಕರ್‌ಗೆ, ದುಡಿದದ್ದನ್ನು ಹಳೆ ವ್ಯಾನಿಗೆ ಸುರಿದು ತಾನು ಮರುಳುತನ ಮಾಡಿದೆನೋ ಎಂಬ ಅಳುಕು ಹಿಡಿದಿತ್ತು. ಹೆಂಡತಿಗೆ ಮುಚ್ಚಿಡದೆ ಹೇಳಿದ.

"ಶುಕ್ರವಾರ ಬೆಳಿಗ್ಗೆ ಎಲ್ಲ ಒಮ್ಮೆ ಓಡಿಸಿ ನೋಡುವ. ಸರಿ ಉಂಟಾದರೆ ಜುಮ್ಮಾ ಮುಗಿಸಿ ಹೊರಡುವ. ಇಲ್ಲದಿದ್ದರೆ ಬಾವಾನಿಗೆ ಹೂಂ ಅಂತೇನೆ."

ಇನ್ನೆರಡು ವರ್ಷ ಹಂಡೆ ಕಾಯುವುದೆಂದರೆ ಶಾಹಿದಾಳಿಗೆ ಈ ಸಲ ನಿಜವಾಗಿಯೂ ಆಗದು.

ಶುಕ್ರವಾರ ಬೆಳಿಗ್ಗೆ ಎಂಜಿನ್ ಒಂದೇ ಹೊಡೆತಕ್ಕೆ ಎದ್ದಿತು. ಶಾಹಿದಾ ಚಪ್ಪಾಳೆ ತಟ್ಟಿದಳು. ದೀಪ ಉರಿಯಿತು, ಒಲೆ ಹತ್ತಿತು, ಪ್ರತಿಯೊಂದಕ್ಕೂ ಚಪ್ಪಾಳೆ. ಕೊನೆಗೆ ಹೀಟರ್ ಹಾಕಿ ಅರ್ಧ ಗಂಟೆ ಬಿಟ್ಟು ಬಿಸಿನೀರಿನ ನಳ್ಳಿ ತಿರುಗಿಸಿದರೆ, ಬಂದದ್ದು ಕೆಂಪು ನೀರು, ಕೊಳೆತ ಮೊಟ್ಟೆಯ ನಾತ!

"ಯಾ ಅಲ್ಲಾ, ಇದರಲ್ಲಿ ಎಮ್ಮೆಯನ್ನೂ ಮೀಯಿಸಲಿಕ್ಕಿಲ್ಲ," ಖದೀಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದೇಬಿಟ್ಟರು.

ಅಸ್ಕರ್‌ನ ಮುಖ ಕಪ್ಪಿಟ್ಟಿತು. "ಶಿಶಿರ್ ನಮ್ಮನ್ನು ಮಂಗ ಮಾಡಿದ. ಹಳೆ ಟ್ಯಾಂಕಿ ಹಾಕಿ ಕೊಟ್ಟಿದ್ದಾನೆ." ಸ್ಪ್ಯಾನರ್ ಹಿಡಿದು ಸರಸರನೆ ಹಿಂದೆ ಹೋಗಿ ಟ್ಯಾಂಕಿನ ಬುಡದ ಪ್ಲಗ್ಗಿಗೆ ಮುಖ ಕೊಟ್ಟು ಕೂತ. ಹಂಡೆಯಾದರೆ ಬಾಯಿ ತೆರೆದಿರುತ್ತದೆ, ಎಷ್ಟು ಕುದಿದರೂ ಮೊಗೆಯಬಹುದು. ಇದು ನಾಲ್ಕೂ ಕಡೆ ಮುಚ್ಚಿದ ಪಾತ್ರೆ. ಸ್ಪ್ಯಾನರ್ ಪ್ಲಗ್ಗಿಗೆ ಕೂತದ್ದು ಕಂಡಾಗ ಶಾಹಿದಾಳಿಗೆ ಅಡುಗೆಮನೆ ನೆನಪಾಯಿತು.

"ಕುಕ್ಕರ್! ಬಿಡಿ, ಬಿಡಿ! ಹಬೆ ಬಿಡದೆ ಮುಚ್ಚಳ ತೆಗೀತೀರಾ? ಮುಖ ಬೆಂದು ಹೋಗ್ತದೆ!"

ಆ ಕೂಗು ಹೆದ್ದಾರಿಗೂ ಕೇಳಿರಬೇಕು. ಅಸ್ಕರ್‌ನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ಶಾಹಿದಾ ಆಗಲೇ ಶಿಶಿರ್‌ಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ್ದಳು.

"ಮುಟ್ಟದೆ ಇದ್ದದ್ದು ಒಳ್ಳೆದಾಯ್ತು ಅಕ್ಕ," ಎಂದ ಶಿಶಿರ್. "ಹೀಟರಿನ ಸ್ವಿಚ್ಚು, ಗ್ಯಾಸು, ಪಂಪು ಮೂರನ್ನೂ ಬಂದ್ ಮಾಡಿ. ತಣಿಯುವವರೆಗೆ ಸುಮ್ಮನೆ ಕೂತ್ಕೊಳ್ಳಿ. ಆಮೇಲೆ ಬಿಸಿನೀರಿನ ನಳ್ಳಿ ತೆರೆದು ಒತ್ತಡ ಬಿಡಿ. ಪ್ಲಗ್ಗು ಕೊನೆಗೆ, ಅದೂ ಬದಿಯಲ್ಲಿ ನಿಂತು." ಮತ್ತೆ ಕೇಳಿದ: "ಅಲ್ಲ, ನಾನು ಟ್ಯಾಂಕಿ ಖಾಲಿ ಮಾಡಿಯೇ ಕೊಟ್ಟದ್ದಲ್ವಾ? ಖಾಲಿಯೇ ಇಡಿ ಅಂತಲೂ ಹೇಳಿದ್ದೆ. ನೀರು ಎಲ್ಲಿಂದ ಬಂತು?"

ಗಾಡಿ ಬಂದ ಮರುದಿನವೇ, ಖಾಲಿ ಟ್ಯಾಂಕು ಒಳ್ಳೆಯದಲ್ಲವೆಂದು ಪೈಪು ಹಿಡಿದು ತುಂಬಿಸಿದ್ದು ಶಾಹಿದಾಳೇ. ಆ ನೀರು ಮಳೆಗಾಲವಿಡೀ ಅಲ್ಲೇ ನಿಂತು ಕೊಳೆತಿತ್ತು. ಸುಮ್ಮನಿದ್ದರೆ ತಪ್ಪು ಶಿಶಿರ್‌ನ ತಲೆಗೆ ಹೋಗುತ್ತಿತ್ತು. ಅವಳಿಗೆ ಅದು ಬೇಡವಾಗಿತ್ತು.

"ನಾನೇ ತುಂಬಿಸಿದ್ದು," ಎಂದಳು ಗಂಡನ ಕಡೆ ನೋಡದೆ. "ನೀವು ಬರುವಾಗ ಹಂಡೆ ಖಾಲಿ ಇರಬಾರದು ಅಂತ ತುಂಬಿಸಿ ತುಂಬಿಸಿ, ಈಗ ಕೈ ನನ್ನ ಮಾತು ಕೇಳುವುದಿಲ್ಲ."

ಬೈಗುಳಕ್ಕೆ ಕಾದಳು. ಅಸ್ಕರ್ ಬೈಯಲಿಲ್ಲ. ಟ್ಯಾಂಕು ತಣಿಯಬೇಕಲ್ಲ, ಶಿಶಿರ್ ಹೇಳಿದ ಮೂರನ್ನೂ ಬಂದ್ ಮಾಡಿ ಗಾಡಿಯ ಮೆಟ್ಟಿಲಲ್ಲಿ ಕೂತ. ಅವಳೂ ಪಕ್ಕದಲ್ಲಿ ಕೂತಳು. ಅವನು ಏರ್‌ಪೋರ್ಟಿನಿಂದ ಬಂದ ಪ್ರತಿ ಸಲವೂ ಬಚ್ಚಲಲ್ಲಿ ಹಬೆಯಾಡುವ ತುಂಬಿದ ಹಂಡೆ ಇರುತ್ತಿತ್ತು. ಅದು ತನ್ನಷ್ಟಕ್ಕೆ ತುಂಬುತ್ತದೆ ಎಂದೇ ಅವನು ತಿಳಿದಂತಿತ್ತು, ಮಹಾರಾಯ! ಅವನಿಗೆ ತುಂಬ ನಾಚಿಕೆಯಾಯಿತು. ಎದ್ದು ಟ್ಯಾಂಕು ಮುಟ್ಟಿ ನೋಡಿ ಬಂದು ಕೂತ, ಮತ್ತೆ ಎದ್ದು ಮುಟ್ಟಿ ನೋಡಿದ.

"ತಣಿದಿದೆ. ಹೂಂ, ನಳ್ಳಿ ತೆರೆ."

ನಳ್ಳಿ ಬುಸ್ಸೆಂದು ಉಸಿರು ಬಿಟ್ಟು ಸುಮ್ಮನಾಯಿತು. ಬದಿಗೆ ನಿಂತು ಪ್ಲಗ್ಗು ತಿರುಗಿಸಿದರೆ ಕೆಂಪು ನೀರು ಅಂಗಳದುದ್ದ ಹರಿಯಿತು. ಪ್ಲಗ್ಗಿನ ಬೆನ್ನಿಗೆ ಒಂದು ಸರಳು. ಜಗಿದು ಬಿಟ್ಟ ಕಬ್ಬಿನ ಸಿಪ್ಪೆಯ ಹಾಗೆ ಸವೆದಿತ್ತು.

"ಅದರ ಕೆಲಸವೇ ಅದು," ಮತ್ತೆ ಹಚ್ಚಿದ ಫೋನಿನಲ್ಲಿ ಶಿಶಿರ್ ಹೇಳಿದ. "ಟ್ಯಾಂಕಿಗೆ ತುಕ್ಕು ಹಿಡಿಯುವ ಬದಲು ಅದು ತಾನು ಸವೆಯುತ್ತದೆ. ಹೊಸತೊಂದು ಕೊಟ್ಟಿದ್ದೆ, ಹಾಕಿ."

"ಹೊಸತಾ?" ಎಂದು ಅಸ್ಕರ್ ಹೆಂಡತಿಯ ಕಡೆ ತಿರುಗಿದ.

ಶಾಹಿದಾ ಅಲ್ಲಿರಲಿಲ್ಲ. ಹಿತ್ತಿಲಿನ ಕಡೆ ಓಡುತ್ತಿದ್ದಳು. ಏನೋ ಗಟ್ಟಿ ಸರಳೆಂದು ಅದನ್ನು ಕೋಳಿಗೂಡಿನ ಬಾಗಿಲಿಗೆ ಅಗುಳಿ ಮಾಡಿದ್ದಳಲ್ಲ! ಸೆಳೆದದ್ದೇ ತಡ, ಕೋಳಿಗಳೆಲ್ಲ ಕೊಕ್ಕೊಕ್ಕೆಂದು ಅಂಗಳಕ್ಕೆ ನುಗ್ಗಿದವು. ಏಳುವುದಿಲ್ಲವೆಂದಿದ್ದ ಮೊಣಕಾಲಿನಲ್ಲೇ ಖದೀಜಮ್ಮ ಹುಂಜದ ಬೆನ್ನುಹತ್ತಿದರು. ಅಸ್ಕರ್ ಪೈಪಿನಿಂದ ನೀರು ಬಿಟ್ಟು ಟ್ಯಾಂಕನ್ನು ತೊಳೆದ. ಕೆಂಪು ಹೋಗಿ ತಿಳಿ ಬರುವವರೆಗೆ ಬಿಡಲಿಲ್ಲ. ಶಾಹಿದಾ ಸರಳು ಒರೆಸಿ, ನೀರು ಸೋರದ ಹಾಗೆ ಪ್ಲಗ್ಗಿನ ತಿರುಪಿಗೆ ಬಿಳಿ ಟೇಪು ಸುತ್ತಿ ಕೊಟ್ಟಳು. ಪ್ಲಗ್ಗು ಬಿಗಿಯಾಯಿತು, ಪಂಪು ತಿರುಗಿತು.

"ನೀರು ತುಂಬದೆ ಸ್ವಿಚ್ಚು ಹಾಕಬೇಡಿ," ಶಿಶಿರ್ ಎಚ್ಚರಿಸಿದ. "ನಳ್ಳಿಯ ಗಾಳಿ ಹೋಗಿ ನೀರು ಸರಾಗ ಬರಲಿ."

"ಖಾಲಿ ಹಂಡೆಗೆ ಬೆಂಕಿ ಹಾಕಲಿಕ್ಕಿಲ್ಲ ಅಂತ ಇವನು ನನಗೆ ಹೇಳಿಕೊಡ್ತಾನಾ!" ಕಂಕುಳಲ್ಲಿ ಹುಂಜವನ್ನು ಅವುಚಿಕೊಂಡು ಖದೀಜಮ್ಮ ಗೊಣಗಿದರು.

ನಳ್ಳಿ ಕೆಮ್ಮಿ ಕೆಮ್ಮಿ ಕೊನೆಗೆ ಸರಾಗವಾಯಿತು. ಪ್ಲಗ್ಗಿನಲ್ಲಿ ಒಂದು ಹನಿ ಸೋರಲಿಲ್ಲ. ಹೀಟರ್ ಹಾಕಿ, ಬಟ್ಟೆ ಬದಲಿಸಿ ಅಸ್ಕರ್ ಜುಮ್ಮಾಕ್ಕೆ ಓಡಿದ. ಅವನು ತಿರುಗಿ ಬರುವಾಗ ಶಾಹಿದಾ ಗಾಡಿಯೊಳಗಿನಿಂದ ಕೂಗುತ್ತಿದ್ದಳು: "ಬಂತು! ಬಿಸಿ ಬಿಸಿ ಬಂತು! ನಾತವೇ ಇಲ್ಲ!" ಖದೀಜಮ್ಮ ಬೊಗಸೆ ಒಡ್ಡಿ, ಮೂಸಿ, ತೀರ್ಪು ಕೊಟ್ಟರು: "ಮೀಯಬಹುದು."

ಆಗಲೇ ಅಸ್ಕರ್‌ನ ಕಿಸೆಯಲ್ಲಿ ಫೋನು ಮೊಳಗಿತು. ಬಾವಾ. ಶಾಹಿದಾಳ ಕೈ ನಳ್ಳಿಯ ಮೇಲೆಯೇ ನಿಂತಿತು. ಗಾಡಿ ಸರಿಯಾಗಿತ್ತು, ನಿಜ. ಆದರೆ ಬಾವಾ ಮಾತಿನಲ್ಲಿ ಗಟ್ಟಿಗ.

ಅಸ್ಕರ್ ಫೋನು ಎತ್ತುವ ಮೊದಲು ಅವಳನ್ನು ಕೇಳಿದ. "ತಿರುಗಿ ಬಂದ ಮೇಲೆ ಈ ಟ್ಯಾಂಕಿ ಖಾಲಿ ಮಾಡ್ಬೇಕಾ?"

"ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಮಾಡ್ಬೇಕಂತೆ," ಎಂದಳು ಅವಳು. "ಓಡಿಸ್ತಾ ಇರುವುದಾದರೆ ಬೇಡ."

ಅಸ್ಕರ್ ಫೋನು ಕಿವಿಗಿಟ್ಟ. "ಬಾವಾ, ಆಗುವುದಿಲ್ಲ ಮಾರಾಯ. ನಾವು ಟ್ಯಾಂಕಿ ತುಂಬಿಸಿ ಆಯ್ತು."

ಶಾಹಿದಾ ಬಚ್ಚಲಿಗೆ ಓಡಿದಳು. ಹಂಡೆಯ ನೀರನ್ನು ಮೊಗೆ ಮೊಗೆದು ತೊಂಡೆ ಚಪ್ಪರದ ಬುಡಕ್ಕೆ ಸುರಿದಳು, ತಳ ಕಾಣುವವರೆಗೂ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಖದೀಜಮ್ಮ ಆ ಮನೆಯ ಕಾನೂನು ಮುರಿಯುವುದನ್ನು ಕಂಡರು. ಬರಬೇಕಾದವನು ಬಂದಾಗಿತ್ತು.

"ಬೇಗ ಮಾಡು," ಎಂದರು. "ಗಡಾಯಿಕಲ್ಲಿಗೆ ಕತ್ತಲಾಗುವ ಮೊದಲು ಮುಟ್ಟಬೇಕು."