ದೇವರ ಕೋಣೆಯ ಗೆಜ್ಜೆ

ಮಾವನವರು ತೀರಿಕೊಂಡು ಮನೆಯಲ್ಲಿ ಸೂತಕವಿತ್ತು. ಸೂತಕ ಕಳೆಯುವ ಬೊಜ್ಜದ ಊಟಕ್ಕೆಂದು ನಾನು ಜಗಲಿಯಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ತೋಟದ ದಾರಿಯಲ್ಲಿ ಮಗಳು ಬರುತ್ತಿರುವುದು ಕಂಡಿತು. ಹಿಂದೆ ಅವಳ ಡ್ಯಾನ್ಸ್ ಟೀಚರು. ಇಬ್ಬರೂ ನೃತ್ಯಶಾಲೆಯ ಆಯ್ಕೆಗೆಂದು ಮೈಸೂರಿಗೆ ಹೋಗಿ ಬಂದವರು. ಇಬ್ಬರ ನಡಿಗೆಯಲ್ಲೇ ನನಗೆ ಅರ್ಧ ತಿಳಿದುಹೋಯಿತು.

"ನನ್ನ ತಕ್ಕೊಳ್ಳಲಿಲ್ಲೆ ಅವ್ವ," ಎಂದಳು ಮಗಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಆ ಟೀಚರು ವಿರಾಜಪೇಟೆಯ ಹೈಸ್ಕೂಲಿಗೆ ಬಂದಿದ್ದರು. ಸಂಜೆ ಪಾಠ ಮುಗಿದ ಮೇಲೆ ಹೆಣ್ಣುಮಕ್ಕಳಿಗೆ ಭರತನಾಟ್ಯ ಕಲಿಸುತ್ತಿದ್ದರು. ಮೈಸೂರಿನಲ್ಲಿ ಎರಡು ವರ್ಷ ಕಲಿತರೆ ನನ್ನ ಮಗಳೂ ಶಾಲೆಯಲ್ಲಿ ನೃತ್ಯದ ಟೀಚರಾಗಬಹುದು, ಊಟ ವಸತಿ ನೃತ್ಯಶಾಲೆಯವರದೇ ಎಂದರು. ನಮ್ಮವರು ನಕ್ಕರು.

"ಕುಣಿದ್ರೆ ಹೊಟ್ಟೆ ತುಂಬ್ತದಾ?"

"ನಿನ್ನದು ಕೂತಲ್ಲೇ ತುಂಬ್ತಾ ಉಟ್ಟಲ್ಲ!" ಎಂದರು ಮಾವನವರು ಮಗನಿಗೆ. "ಹೋಗ್ಲಿ ಅವಳು."

ಕಾಫಿ ಒಣಗಿಸುವ ಕಣದಲ್ಲಿ ಮೊಮ್ಮಗಳನ್ನು ನಿಲ್ಲಿಸಿ, ಊರುಗೋಲು ಕುಟ್ಟಿ ತಾಳ ಹಾಕುತ್ತಿದ್ದವರು ಅವರು. ತಾಳ ತಪ್ಪಿಸುತ್ತಿದ್ದವರೂ ಅವರೇ.

ಆಯ್ಕೆಗೆ ಕರೆ ಬಂದ ಮೇಲೆ, ಮಗಳು ಹೊರಡುವ ಮೊದಲೇ, ಅವರು ಹೋಗಿಬಿಟ್ಟರು. ಟೀಚರು ಗೆಜ್ಜೆ ಪೂಜೆ ಮಾಡಿಸಿದಂದಿನಿಂದ ಮಗಳ ಗೆಜ್ಜೆಯನ್ನು ದೇವರ ಕೋಣೆಯಲ್ಲಿ ಇಡುತ್ತಿದ್ದೆವು. ಸೂತಕದಲ್ಲಿ ಆ ಬಾಗಿಲು ತೆರೆಯುವಂತಿಲ್ಲ. ಅತ್ತೆ ಆ ದುಃಖದಲ್ಲೂ ಮೊಮ್ಮಗಳನ್ನು ಕರೆದು ಹೇಳಿದರು: "ಹೋಗಿ ಬಾ. ಅಜ್ಜನ ಆಸೆ ಅದು. ಗೆಜ್ಜೆ ಮಾತ್ರ ಕಟ್ಟಬೇಡ ಮಗಾ."

ಈಗ ಟೀಚರು ಜಗಲಿಯ ಅಂಚಿನಲ್ಲಿ ಕುಳಿತರು.

"ಗೆಜ್ಜೆ ಸದ್ದಿಲ್ಲದೆ ಕಾಲಿನ ಕೆಲಸ ಹೇಗೆ ತಿಳಿಯುತ್ತೆ ಅಂದ್ರಮ್ಮ ಅಲ್ಲಿ ಆಯ್ಕೆಗೆ ಕೂತವರು. ಇನ್ನೊಂದು ಹುಡುಗಿ ಪಾಪ, ತನ್ನದನ್ನೇ ಬಿಚ್ಚಿಕೊಟ್ಟಳು. ಕಟ್ಕೊಳ್ಳೇ ಅಂತ ಎಷ್ಟು ಬೇಡಿಕೊಂಡೆ! ಆಗಲ್ಲ ಅಂದ್ಬಿಟ್ಟಳು."

"ಅಲ್ಲಿ ಯಾರು ನೋಡ್ತಿದ್ರು ಮಗಾ?" ನನ್ನ ಬಾಯಿಂದ ಬಂದೇಹೋಯಿತು.

"ಅಜ್ಜನ ಬೊಜ್ಜ ಇನ್ನೂ ಆಗಲಿಲ್ಲೆ ಅಲ್ವಾ ಅವ್ವ?"

ನಾವು ಕಲಿಸಿದ್ದನ್ನೇ ಅವಳು ಹೇಳಿದ್ದಳು. ಸರಿ ಮಾಡಿದೆ ಎನ್ನಲು ನಾಲಿಗೆ ಏಳಲಿಲ್ಲ. ತಪ್ಪು ಎನ್ನಲು ದೇವರ ಭಯ.

ಮರುವರ್ಷ ಟೀಚರಿಗೆ ವರ್ಗವಾಯಿತು. ಮತ್ತೆ ಆಯ್ಕೆಗೆ ಕರೆದುಕೊಂಡು ಹೋಗುವವರೂ ಇರಲಿಲ್ಲ, ಅವಳೂ ಕೇಳಲಿಲ್ಲ. ಶಿರಂಗಾಲದ ಕಡೆ ಮದುವೆ ಮಾಡಿಕೊಟ್ಟೆವು. ಅಲ್ಲಿಯ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಕುಣಿತ ಹೇಳಿಕೊಡಲು ಅವಳನ್ನೇ ಕರೆಯುತ್ತಾರಂತೆ. ಅಷ್ಟಾದರೂ ದೇವರು ಉಳಿಸಿಕೊಟ್ಟ. ತಾನು ಮಾತ್ರ ಮತ್ತೆ ಗೆಜ್ಜೆ ಕಟ್ಟಲಿಲ್ಲ. ಅದು ಇವತ್ತಿಗೂ ನಮ್ಮ ದೇವರ ಕೋಣೆಯಲ್ಲಿದೆ. ಹಬ್ಬಕ್ಕೆ ದೀಪ ಬೆಳಗುವಾಗ ಅದನ್ನೂ ಒರೆಸಿ ಇಡುತ್ತೇನೆ. ಸದ್ದಾಗದ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತೇನೆ.

ಆ ದಿನ ಟೀಚರು ಸೂತಕದ ಮನೆ ಎನ್ನದೆ ನಮ್ಮಲ್ಲಿ ಒಂದು ಲೋಟ ನೀರು ಕುಡಿದರು. ಅದು ದೊಡ್ಡ ಮಾತು. ಅಷ್ಟು ದೂರ ಹೋದ ಹುಡುಗಿ ಕ್ಷೇಮವಾಗಿ ಮನೆ ಸೇರಿದ್ದಳು, ಅದೂ ಸಣ್ಣದಲ್ಲ. ಮಗಳು ಕೈಕಾಲು ತೊಳೆದು ಬಂದು, ನನ್ನ ಎದುರು ಕುಳಿತು ಮೊರಕ್ಕೆ ಕೈ ಹಾಕಿದಳು. ನಾನು ಇನ್ನೊಂದು ಸೇರು ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡೆ.